ಅಟ್ಟೆಯಣ್ಣ ಹಾಕಿಕೊಟ್ಟ ಗಟ್ಟಿ ರಬ್ಬರು

ಅಟ್ಟೆಯಣ್ಣನ ಅಂಗಡಿಯಲ್ಲಿ ಶೂ ಕೊಟ್ಟು, ಬೈಸಿಕೊಳ್ಳದೆ ವಾಪಸು ಪಡೆದವರು ಯಾರೂ ಇಲ್ಲ. ಬಂಡೆ ಹತ್ತುವವರು ಹಾಕಿಕೊಳ್ಳುವ, ಕಾಲ್ಬೆರಳುಗಳನ್ನು ಹಿಂಡಿ ಹಿಪ್ಪೆ ಮಾಡುವ ಚೂಪು ಮೂತಿಯ ಶೂಗಳ ಅಡಿಗೆ ಹೊಸ ರಬ್ಬರಿನ ಅಟ್ಟೆ ಹಾಕುವುದು ಅವನ ಕಸುಬು. ಅದರಿಂದಲೇ ಆ ಹೆಸರು. ಶೂ ಕೈಗೆ ಬಂದೊಡನೆ ತಲೆಕೆಳಗು ಮಾಡಿ, ಕನ್ನಡಕವನ್ನು ಹಣೆಗೇರಿಸಿ, ಸವೆದ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಎದುರಿಗಿದ್ದವರ ಮುಖವನ್ನೂ ನೋಡದೆ ತೀರ್ಪು ಕೊಡುತ್ತಿದ್ದ.

"ಬಲಗಾಲನ್ನ ನಂಬ್ತೀಯ, ಎಡಗಾಲನ್ನ ನಂಬಲ್ಲ."

"ಕಾಲು ಇಡ್ತಾ ಇಲ್ಲ ನೀನು, ಒರೆಸ್ತಾ ಇದ್ದೀಯ. ಬಂಡೆ ಏನು ಕಾಲೊರೆಸೋ ಚಾಪೆನಾ?"

ಹೊಸದಾಗಿ ಹತ್ತಲು ಕಲಿತ ಡಾಕ್ಟರೊಬ್ಬರು ಒಮ್ಮೆ ಶೂ ತಂದುಕೊಟ್ಟಾಗ ಅವನು ಹೇಳಿದ್ದು ಊರೆಲ್ಲ ಸುತ್ತಿತು: "ಡಾಕ್ಟ್ರೇ, ಇದನ್ನ ಹಾಕ್ಕೊಂಡು ಹತ್ತಿದ್ದಕ್ಕಿಂತ ನಿಂತು ಮಾತಾಡಿದ್ದೇ ಜಾಸ್ತಿ." ಡಾಕ್ಟರು ಕೆಂಪಾದರು. ಆದರೂ ಆರು ತಿಂಗಳಿಗೆ ಮತ್ತೆ ಅಲ್ಲಿಗೇ ಬಂದರು. ಆ ಕೆಲಸ ಬಲ್ಲವನು ಅವನೊಬ್ಬನೇ. ಅದು ಅವನಿಗೂ ಗೊತ್ತಿತ್ತು ಎನ್ನುವುದೇ ಎಲ್ಲರ ಕಷ್ಟ.

ಅಂಗಡಿ ಒಂದು ಮೂಲೆಯಲ್ಲಿತ್ತು. ಒಂದು ಕಡೆ ಬೀಗದ ಕೈ ಮಾಡುವವನು, ಇನ್ನೊಂದು ಕಡೆ ಇಸ್ತ್ರಿ ಅಂಗಡಿ. ಒಳಗೆ ಉದ್ದನೆಯ ಬೆಂಚು, ಗೋಡೆಗೆ ತೂಗುಹಾಕಿದ ಮರದ ಪಾದಗಳು, ಅಂಟಿನ ಘಾಟು. ರಬ್ಬರು ಉಜ್ಜುವ ಚಕ್ರ ತಿರುಗಿದಾಗಲೆಲ್ಲ ಕಪ್ಪು ಪುಡಿ ಎದ್ದು, ಕಿಟಕಿಯ ಹತ್ತಿರ ಬ್ಯಾಗು ಹೊಲಿಯುತ್ತಿದ್ದ ಅವನ ತಂಗಿಯ ಬಟ್ಟೆಯ ಮೇಲೆ ಕೂರುತ್ತಿತ್ತು. ಅಣ್ಣ ತಂಗಿ ಇಬ್ಬರೇ. ಮಹಡಿಯ ಮೇಲೆ ಎರಡು ಕೋಣೆಗಳಲ್ಲಿ ಇರುತ್ತಿದ್ದರು. "ಪರದೆ ಹಾಕು ಅಂತ ಇಪ್ಪತ್ತು ವರ್ಷದಿಂದ ಹೇಳ್ತಾ ಇದ್ದೀನಿ" ಎಂದು ತಂಗಿ ಬಂದವರ ಹತ್ತಿರವೆಲ್ಲ ದೂರುತ್ತಿದ್ದಳು. "ಹಾಕ್ತೀನಿ, ಹಾಕ್ತೀನಿ" ಎಂದು ಅವನು ಚಕ್ರವನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದ.

ಅವನ ಅಪ್ಪ ಕಾರ್ಖಾನೆಯ ಕೆಲಸಗಾರರಿಗೆ ದಪ್ಪ ಬೂಟು ಹೊಲಿಯುತ್ತಿದ್ದವರು. ಮಗನೂ ಮೂವತ್ತಮೂರನೇ ವಯಸ್ಸಿನವರೆಗೆ ಅದನ್ನೇ ಮಾಡಿದ. ಒಂದು ದಿನ ಕಾಲೇಜು ಹುಡುಗಿಯೊಬ್ಬಳು ಮೂತಿ ಹರಿದ ಪುಟ್ಟ ಶೂ ತಂದಿಟ್ಟಳು. ಇಷ್ಟು ಬಿಗಿಯಾದದ್ದನ್ನು ಯಾರು ಹಾಕಿಕೊಳ್ಳುತ್ತಾರೆ, ಹಾಕಿಕೊಂಡು ಏನು ಮಾಡುತ್ತಾರೆ ಎಂದು ನೋಡಲೆಂದೇ ಭಾನುವಾರ ಅವಳ ಗೆಳೆಯರ ಹಿಂದೆ ಗುಡ್ಡದ ಉದ್ಯಾನಕ್ಕೆ ಹೋದ. ವಾಹನ ನಿಲ್ಲಿಸುವ ಜಾಗ ದಾಟಿ, ಮಕ್ಕಳ ಉಯ್ಯಾಲೆ ದಾಟಿ ಕಾಲು ಗಂಟೆ ನಡೆದರೆ ಒಂದು ಕರಿಬಂಡೆಯ ಗೋಡೆ ಸಿಗುತ್ತದೆ. ಎತ್ತರ ಹನ್ನೆರಡು ಮೀಟರು, ಅಷ್ಟೇ. ಎಂದೋ ಉಕ್ಕಿದ ಲಾವಾ ತಣ್ಣಗಾಗುತ್ತ ಬಿರಿದು, ಡಬ್ಬಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಪೆನ್ಸಿಲ್ಲುಗಳ ಹಾಗೆ ಕಂಬ ಕಂಬವಾಗಿ ನಿಂತಿದೆ. ಒಟ್ಟು ಮೂವತ್ತೊಂದು ಕಂಬ. ಅವುಗಳ ನಡುವಿನ ಬಿರುಕುಗಳೇ ಹತ್ತುವ ದಾರಿಗಳು. ಅವನು ಇಡೀ ದಿನ ಕೆಳಗೆ ಕೂತು ಹತ್ತುವವರ ಕಾಲುಗಳನ್ನಷ್ಟೇ ನೋಡಿದನಂತೆ. ಮುಂದಿನ ವಾರ ತಾನೇ ಹೊಲಿದ ಶೂ ಹಾಕಿಕೊಂಡು ಬಂದ. ಆಮೇಲೆ ಇಪ್ಪತ್ತೆಂಟು ವರ್ಷ ಬಿಡದೆ ಬಂದ.

ಬೇರೆಲ್ಲಿಗೂ ಹೋಗಲಿಲ್ಲ. ಅವನು ಅಟ್ಟೆ ಹಾಕಿಕೊಟ್ಟ ಶೂಗಳು ದೊಡ್ಡ ದೊಡ್ಡ ಪರ್ವತಗಳಿಗೆ ಹೋಗಿಬಂದವು; ಫೋಟೋಗಳು ಬಂದವು; ಅವನು ಫೋಟೋದಲ್ಲೂ ಕಾಲನ್ನೇ ನೋಡಿದ. "ಹನ್ನೆರಡು ಮೀಟರ್ ಸಾಲದಾ? ಇದನ್ನೇ ಸರಿಯಾಗಿ ಹತ್ತಿದೋರು ಒಬ್ರೂ ಕಾಣ್ಲಿಲ್ಲ ನಂಗೆ" ಎನ್ನುತ್ತಿದ್ದ.

ಸರಿಯಾಗಿ ಹತ್ತದವರ ಪಟ್ಟಿಯಲ್ಲಿ ಮೊದಲ ಹೆಸರು ಹಲ್ಲಮ್ಮನದು.

ಹಲ್ಲಮ್ಮ ಎಂದು ಕರೆದವನೂ ಅವನೇ. ಅವಳು ಹಲ್ಲಿನ ಪ್ರಯೋಗಾಲಯವೊಂದರಲ್ಲಿ ಕಟ್ಟುಹಲ್ಲು ಮಾಡುವ ಕೆಲಸದವಳು. ದಿನವಿಡೀ ಸಣ್ಣ ಅರದಿಂದ ಉಜ್ಜಿ, ಬೆರಳ ತುದಿಯಿಂದ ಸವರಿ, ನಾಲಗೆಗೆ ಚುಚ್ಚಬಹುದಾದ ಕೂದಲೆಳೆಯಷ್ಟು ಅಂಚನ್ನೂ ಹುಡುಕಿ ತೆಗೆಯುವವಳು. ಹಾಗಾಗಿ ಅವಳ ಕೈ ಕಬ್ಬಿಣ. ಬಂಡೆಯ ಮೇಲೂ ಅವಳು ಕೈಯನ್ನೇ ನಂಬಿದಳು: ಬಿರುಕಿಗೆ ಬೆರಳು ತುರುಕಿ ಎಳೆದುಕೊಂಡು ಮೇಲಕ್ಕೆ ಹೋಗಿಬಿಡುತ್ತಿದ್ದಳು, ಕಾಲುಗಳು ಹಿಂದಿನಿಂದ ಹೇಗೋ ಬರುತ್ತಿದ್ದವು. ಕೆಳಗೆ ಹಗ್ಗ ಹಿಡಿದು ನಿಂತ ಅಟ್ಟೆಯಣ್ಣನಿಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು.

"ಕೈ ಹತ್ತಿಸಲ್ಲ ಹಲ್ಲಮ್ಮಾ, ಕಾಲು ಹತ್ತಿಸುತ್ತೆ."

"ಹತ್ತಿದ್ದೀನಲ್ಲ? ಯಾವುದು ಹತ್ತಿಸಿದ್ರೆ ನಿಂಗೇನು?"

"ನಿನ್ನ ಕಾಲು ನೆಂಟರ ಥರ. ಕರೆದ್ರೆ ಬರುತ್ತೆ, ಕೆಲಸ ಮಾಡಲ್ಲ."

"ಹಗ್ಗ ಹಿಡ್ಕೋ. ಬಾಯಿ ಆಮೇಲೆ."

ಹತ್ತೊಂಬತ್ತು ವರ್ಷ ಇದೇ ಮಾತು. ಅವಳು ಹತ್ತುವಾಗ ಅವನು ಹಗ್ಗ ಹಿಡಿಯುವುದು, ಅವನು ಹತ್ತುವಾಗ ಅವಳು ಹಿಡಿಯುವುದು, ಇಬ್ಬರೂ ಗೊಣಗುವುದು. ವಾರದ ಉಳಿದ ಆರು ದಿನವನ್ನು ಅವಳು ಆ ಗೊಣಗಾಟದ ಆಸರೆಯಲ್ಲೇ ದಾಟುತ್ತಿದ್ದಳು ಎನ್ನುವುದು ಅವಳಿಗೆ ಆಗ ಗೊತ್ತಿರಲಿಲ್ಲ.

ಐವತ್ತೊಂದು ತುಂಬಿದ ವರ್ಷ ಅವಳ ಶೂ ಸವೆದಿತ್ತು; ಅಟ್ಟೆಯಣ್ಣ ಹೊಸ ಅಟ್ಟೆ ಹಾಕಿಕೊಟ್ಟ. ಎಂದೂ ಇಲ್ಲದ್ದು, ಒಂದು ಮಾತೂ ಬೈಯಲಿಲ್ಲ. ಅದಾದ ಮೊದಲ ಭಾನುವಾರವೇ ಅವಳು ಹದಿನೇಳನೇ ಕಂಬದಲ್ಲಿ ಜಾರಿದಳು.

ಹದಿನೇಳನೇ ಕಂಬವನ್ನು ಅವಳು ನೂರು ಸಲ ಹತ್ತಿದ್ದಳು. ಮೇಲಕ್ಕೆ ಮೂರು ಮೀಟರು ಉಳಿದಾಗ ಬಿರುಕು ಮುಚ್ಚಿಹೋಗುತ್ತದೆ, ಅಲ್ಲಿ ಕಂಬದ ಅಂಚಿನ ಮೇಲೆ ಕಾಲಿಟ್ಟು ಏಳಬೇಕು. ಎಡಗಾಲಿಟ್ಟಳು. ಎಣ್ಣೆ ಸವರಿದ ಹಾಗೆ ಕಾಲು ಹೊರಟುಹೋಯಿತು. ಅವನು ಹಗ್ಗ ಹಿಡಿದಿದ್ದ. ಅರ್ಧ ಅಡಿ ಕುಸಿದು ನೇತಾಡಿದಳು.

"ಮತ್ತೆ" ಎಂದ ಕೆಳಗಿನಿಂದ.

ಮತ್ತೆ ಜಾರಿದಳು. ಮುಂದಿನ ವಾರವೂ. ಮುಂದಿನ ತಿಂಗಳೂ. ಹತ್ತನೇ ಕಂಬ, ನಾಲ್ಕನೇ ಕಂಬ, ಶಾಲೆಯ ಮಕ್ಕಳು ಹತ್ತುವ ಎರಡನೇ ಕಂಬದಲ್ಲೂ ಕಾಲು ನಿಲ್ಲುತ್ತಿರಲಿಲ್ಲ. ಸಾಲದ್ದಕ್ಕೆ, ಮೊದಲೆಲ್ಲ ಅವಳೇ ಮುಂದಾಗಿ ಹತ್ತುತ್ತ ಹಗ್ಗವನ್ನು ಮೇಲಕ್ಕೆ ಒಯ್ಯುತ್ತಿದ್ದಳು. ಆ ಮೊದಲ ಭಾನುವಾರದಿಂದ ಅಟ್ಟೆಯಣ್ಣ ಬೆಳಗ್ಗೆಯೇ ಬಂದು ಮೇಲಿನಿಂದ ಹಗ್ಗ ಇಳಿಬಿಟ್ಟಿರುತ್ತಿದ್ದ. ಮೇಲಿಂದ ಹಗ್ಗವಿದ್ದರೆ ಜಾರಿದವರು ಬೀಳುವುದಿಲ್ಲ, ನೇತಾಡುತ್ತಾರೆ. ಅಂದರೆ ಇವನಿಗೂ ನಾನು ಮುದುಕಿ ಎಂದು ಗೊತ್ತಾಗಿದೆ ಎಂದುಕೊಂಡಳು. ಬೇರೆ ಯಾರಿಗೂ ಅವನು ಅವಳ ಹಗ್ಗ ಕೊಡುತ್ತಿರಲಿಲ್ಲ. ಅದೂ ಕರುಣೆಯೇ ಎಂದುಕೊಂಡಳು. ಕರುಣೆಯ ಮೇಲೆ ಅವಳಿಗೆ ಇನ್ನಿಲ್ಲದ ಸಿಟ್ಟು.

ಮಂಡಿ ತೋರಿಸಿದಳು, ಕಣ್ಣು ತೋರಿಸಿದಳು. "ನಿಮ್ಮ ವಯಸ್ಸಿಗೆ ತುಂಬಾ ಚೆನ್ನಾಗಿದೆ" ಎಂದರು ಡಾಕ್ಟರು. ಆ "ನಿಮ್ಮ ವಯಸ್ಸಿಗೆ" ಎನ್ನುವುದನ್ನು ಅವಳು ಮನೆಯವರೆಗೂ ಹಲ್ಲು ಕಚ್ಚಿಕೊಂಡು ಹೊತ್ತು ತಂದಳು.

ಎಂಟನೇ ತಿಂಗಳು ಹದಿನೇಳನೇ ಕಂಬದಲ್ಲಿ ಒಂದೇ ಬೆಳಿಗ್ಗೆ ಆರು ಸಲ ಜಾರಿ, ಮೊಣಕೈ ತರಚಿಕೊಂಡು ಕೆಳಗಿಳಿದವಳು ಶೂ ಕಿತ್ತು ಚೀಲಕ್ಕೆಸೆದಳು.

"ಸಾಕು. ನನ್ನ ಕಾಲ ಮುಗೀತು."

"ಏನೂ ಮುಗಿದಿಲ್ಲ. ಶೂ ನೋಡ್ಕೋ" ಎಂದ ಅಟ್ಟೆಯಣ್ಣ.

"ಏನು ನೋಡ್ಲಿ?"

"ನೋಡು ಅಂದೆ. ಅಟ್ಟೆ ನೋಡು."

ಮತ್ತೆ ಶುರುವಾಯಿತು ಎಂದುಕೊಂಡಳು: ಎಲ್ಲಿ ಸವೆದಿದೆ, ಎಷ್ಟು ಒರೆಸಿದ್ದೀಯ, ಕಾಲು ಯಾಕೆ ನೆಂಟರ ಥರ. ಇವತ್ತೂ ಪಾಠ! "ಪುಣ್ಯಾತ್ಮ, ನಿನ್ನ ಅಟ್ಟೆ ಪುರಾಣ ನೀನೇ ಇಟ್ಕೋ" ಎಂದು ಚೀಲ ಹೆಗಲಿಗೇರಿಸಿ ಉಯ್ಯಾಲೆಗಳನ್ನು ದಾಟಿ ಹೊರಟುಬಿಟ್ಟಳು. ಅವನು ಹಿಂದೆ ಬರಲಿಲ್ಲ. ಬಂದಿದ್ದರೆ, ಬಂದು ಒಂದು ವಾಕ್ಯ ಬಾಯಿಬಿಟ್ಟು ಹೇಳಿದ್ದರೆ!

ಆಮೇಲೆ ಅವಳು ಭಾನುವಾರಗಳಲ್ಲಿ ಮನೆಯ ಕಪಾಟು ಒರೆಸಿದಳು. ಪ್ರತಿ ಶನಿವಾರ ಸಂಜೆ ಅಟ್ಟೆಯಣ್ಣನ ಫೋನು ಬರುತ್ತಿತ್ತು.

"ನಾಳೆ ಬರ್ತೀಯಾ?"

"ಇಲ್ಲ."

"ಸರಿ." ಟಕ್ಕನೆ ಇಡುತ್ತಿದ್ದ. ಹದಿನಾರು ಶನಿವಾರ ಹಾಗೆ. ಹದಿನೇಳನೆಯ ಶನಿವಾರ ಫೋನು ಮಾಡಿದ್ದು ಅವನ ತಂಗಿ. ಹೊಟ್ಟೆನೋವು ಎಂದು ಹೋದವನನ್ನು ಆಸ್ಪತ್ರೆಯವರು ಉಳಿಸಿಕೊಂಡಿದ್ದರು.

ಆಸ್ಪತ್ರೆಯಲ್ಲಿ ಆರು ಹಾಸಿಗೆಯ ಕೋಣೆ. ಅಟ್ಟೆಯಣ್ಣ ಕಿಟಕಿಯ ಕಡೆ ಮಲಗಿದ್ದ. ಕೆನ್ನೆ ಒಳಗೆ ಹೋಗಿತ್ತು. ಅವಳು ಹೋದ ಮೂರು ಸಲವೂ ಅವನು ಒಂದೇ ಮಾತು ಆಡಿದ. "ಬರೋವಾಗ ನಿನ್ನ ಶೂ ತಗೊಂಡು ಬಾ."

"ಹುಷಾರಾಗು ಮೊದ್ಲು."

"ತಗೊಂಡು ಬಾ ಅಂದೆ."

"ಈ ಸ್ಥಿತೀಲೂ ನಿಂಗೆ ಬೇರೆ ಮಾತೇ ಇಲ್ವಾ? ಹತ್ತಲ್ಲ ಅಂದ್ನಲ್ಲ! ಬಿಟ್ಬಿಡು ನನ್ನ." ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಅವನು ಮುಖವನ್ನು ಕಿಟಕಿಯ ಕಡೆ ಮಾಡಿದ. ಮೂರನೆಯ ಸಲವೂ ಅವಳು ಶೂ ಒಯ್ದಿರಲಿಲ್ಲ. ಕಿತ್ತಳೆ ಹಣ್ಣು ಒಯ್ದಿದ್ದಳು. ನಾಲ್ಕನೆಯ ಸಲ ಹೋಗುವ ಹೊತ್ತಿಗೆ ಹಾಸಿಗೆ ಖಾಲಿಯಾಗಿ, ಚಾದರವನ್ನೂ ಬದಲಾಯಿಸಿದ್ದರು. ಅವನಿಗೆ ಅರವತ್ತೊಂದು.

ತಿಂಗಳೊಂದು ಕಳೆದ ಮೇಲೆ, ಶೂ ಕಣ್ಣಿಗೆ ಬೀಳುವುದೇ ಬೇಡವೆಂದು ಅವಳು ಅದನ್ನು ಯಾರಿಗಾದರೂ ಕೊಟ್ಟುಬಿಡಲು ಹೊರಟಳು. ಬಂಡೆಯ ಹತ್ತಿರ ಬರುತ್ತಿದ್ದವರಲ್ಲಿ ಬಸ್ ಡ್ರೈವರೊಬ್ಬ ಇದ್ದ. ಅವನ ಮಗಳು ಹತ್ತಲು ಕಲಿಯುತ್ತಿದ್ದಳು. ಡಿಪೋದ ಗೇಟಿನಲ್ಲಿ ನಿಂತು ಅವನ ಕೈಗೆ ಶೂ ಕೊಟ್ಟಳು. "ಅಟ್ಟೆ ಹೆಚ್ಚು ಸವೆದಿಲ್ಲ. ಅಟ್ಟೆಯಣ್ಣ ಹಾಕಿದ್ದು."

"ಅಟ್ಟೆಯಣ್ಣ ಹಾಕಿದ್ದು ಅಂದ್ರೆ ನೋಡೋದೇ ಬೇಡ" ಎಂದ ಡ್ರೈವರ್. ಎಂದವನು ಅಭ್ಯಾಸಬಲದಿಂದ ಎರಡೂ ಶೂಗಳ ಅಟ್ಟೆಯನ್ನು ಒಂದಕ್ಕೊಂದು ಒತ್ತಿ ಉಜ್ಜಿದ. ಬಂಡೆ ಹತ್ತುವ ಶೂವಿನ ರಬ್ಬರು ಮೃದು. ಹಾಗೆ ಉಜ್ಜಿದರೆ ಒಂದನ್ನೊಂದು ಕಚ್ಚಿ ಹಿಡಿದು ಕಿರ್ರೆನ್ನಬೇಕು. ಇವು ಸ್ಲೇಟುಗಳ ಹಾಗೆ ಸರ್ರನೆ ಜಾರಿದವು. ಡ್ರೈವರ್ ಹುಬ್ಬು ಗಂಟಿಕ್ಕಿದ. ಉಗುರು ಒತ್ತಿದ. ಗುರುತೇ ಬೀಳಲಿಲ್ಲ.

"ಇದು ಬಂಡೆ ರಬ್ಬರ್ ಅಲ್ಲ ಅಕ್ಕಾ. ಕಾರ್ಖಾನೆ ಬೂಟಿಗೆ ಹಾಕ್ತಾರಲ್ಲ, ಆ ಗಟ್ಟಿ ರಬ್ಬರ್. ಇದರಲ್ಲಿ ಹತ್ತಿದ್ರಾ ನೀವು?"

"ಎಂಟು ತಿಂಗಳು."

"ಹೇಗೆ?"

ಅವಳು ಶೂ ಕಿತ್ತುಕೊಂಡು ತಾನೇ ಉಗುರು ಒತ್ತಿದಳು. ಕಟ್ಟುಹಲ್ಲಿನಲ್ಲಿ ಕೂದಲೆಳೆಯಷ್ಟು ಅಂಚು ಹುಡುಕುವ ಬೆರಳು ಇದು. ಎಂಟು ತಿಂಗಳಲ್ಲಿ ಒಮ್ಮೆ, ಒಂದೇ ಒಂದು ಸಲ ತನ್ನ ಶೂವಿನ ಅಡಿ ಮುಟ್ಟಿರಲಿಲ್ಲ. ಯಾಕೆ ಮುಟ್ಟಬೇಕು? ಅವನು ಹಾಕಿದ ಅಟ್ಟೆಯನ್ನು ಆ ಊರಲ್ಲಿ ಯಾರೂ ಮುಟ್ಟಿ ನೋಡುತ್ತಿರಲಿಲ್ಲ. ಕಾಲನ್ನು ಅನುಮಾನಿಸಿದಳು, ಮಂಡಿಯನ್ನು, ಕಣ್ಣನ್ನು, ಹುಟ್ಟಿದ ವರ್ಷವನ್ನು ಅನುಮಾನಿಸಿದಳು.

ಡಿಪೋದಿಂದ ಅಂಗಡಿಗೆ ಹೋದದ್ದು ಯಾವ ದಾರಿಯಲ್ಲೋ ಅವಳಿಗೆ ನೆನಪಿಲ್ಲ. ತಂಗಿ ಬ್ಯಾಗೊಂದಕ್ಕೆ ಜಿಪ್ ಹೊಲಿಯುತ್ತಿದ್ದಳು. ಹಲ್ಲಮ್ಮ ಶೂಗಳನ್ನು ಬೆಂಚಿನ ಮೇಲೆ ಕುಕ್ಕಿದಳು. ತಂಗಿ ಅದನ್ನು ನೋಡಿದಳು, ಹೊಲಿಗೆ ಯಂತ್ರ ನಿಂತಿತು.

"ಗೊತ್ತಾಯ್ತಾ?" ಎಂದಳು.

"ನಿಂಗೂ ಗೊತ್ತಿತ್ತು!"

"ಒಂದೇ ತಿಂಗಳು ಅಂದಿದ್ದ. 'ಮೃದು ರಬ್ಬರ್ ಎಲ್ಲಿಟ್ರೂ ಕಚ್ಕೊಳ್ಳುತ್ತೆ, ಅದಕ್ಕೇ ಅವಳು ಕಾಲಿನ ಕಡೆ ನೋಡಲ್ಲ. ಗಟ್ಟಿದು ಹಾಕಿದ್ರೆ ಸರಿಯಾದ ಜಾಗ ಹುಡುಕಲೇಬೇಕು' ಅಂತ. ಒಂದು ತಿಂಗಳು ಕಲೀಲಿ, ಆಮೇಲೆ ಬದಲಾಯಿಸಿಕೊಡ್ತೀನಿ ಅಂದ."

"ಒಂದು ತಿಂಗಳು ಎಂಟು ಹೇಗಾಯ್ತು?"

"ನೀನೇ ಕಂಡುಹಿಡೀತೀಯ ಅಂತ ಕಾಯ್ತಾ ಕೂತ. 'ಹಲ್ಲು ಮಾಡೋಳಿಗೆ ಅಟ್ಟೆ ಗೊತ್ತಾಗಲ್ವಾ, ಇವತ್ತು ಗೊತ್ತಾಗುತ್ತೆ, ನಾಳೆ ಗೊತ್ತಾಗುತ್ತೆ' ಅಂತ. ಪ್ರತಿ ಭಾನುವಾರ ಬೈಸ್ಕೊಳ್ಳೋಕೆ ತಯಾರಾಗಿ ಹೋಗೋನು. ಬಂದು 'ಇವತ್ತೂ ಬೈಲಿಲ್ಲ' ಅಂತ ಮುಖ ಸಣ್ಣ ಮಾಡ್ಕೊಳ್ಳೋನು."

"ನೀನು ಹೇಳಬಾರದಿತ್ತಾ?"

"ಹೇಳ್ತೀನಿ ಅಂದೆ ಒಂದ್ಸಲ. ಎರಡು ವಾರ ನನ್ನ ಹತ್ರ ಮಾತು ಬಿಟ್ಟ. ಒಂದೇ ಮನೇಲಿ, ಎರಡು ವಾರ! ಉಪ್ಪು ಬೇಕಾದ್ರೆ ಎದ್ದು ತಾನೇ ತಗೊಳ್ಳೋನು." ತಂಗಿ ಕಣ್ಣೊರೆಸಿಕೊಂಡಳು, ರಬ್ಬರಿನ ಪುಡಿ ಕೆನ್ನೆಗೆ ಮೆತ್ತಿತು. "ನೀನು ಬರೋದು ಬಿಟ್ಟ ಮೇಲೆ ಹೆದರಿಬಿಟ್ಟ. ಫೋನಲ್ಲಿ ಹೇಳೋ ಅಂದ್ರೆ, ಫೋನಲ್ಲಿ ಹೇಳೋ ಮಾತಾ ಅದು ಅಂದ. ಆಸ್ಪತ್ರೇಲಿ ಈ ಇಕ್ಕಳ, ಅಂಟು, ಒಂದು ಜೊತೆ ಮೃದು ಅಟ್ಟೆ, ಎಲ್ಲಾ ಹಾಸಿಗೆ ಕೆಳಗೆ ಇಟ್ಕೊಂಡಿದ್ದ. ನೀನು ಶೂ ತಂದ್ರೆ ಅಲ್ಲೇ ಕೂತು ಬದಲಾಯಿಸಿಕೊಡ್ತೀನಿ ಅಂತ. ನರ್ಸಮ್ಮ ಅಂಟಿನ ವಾಸನೆಗೆ ಕೂಗಾಡಿದ್ರು."

ಹಲ್ಲಮ್ಮ ಸ್ಟೂಲಿನ ಮೇಲೆ ಕೂತಳು. ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈಯಬೇಕಾದವನು ಎದುರಿಗಿಲ್ಲ. ಹತ್ತೊಂಬತ್ತು ವರ್ಷ ಜಗಳವಾಡಿದವನು ಇದೊಂದು ಜಗಳಕ್ಕೆ, ಅವನೇ ಸಂಪೂರ್ಣ ತಪ್ಪಿತಸ್ಥನಾಗಿದ್ದ ಈ ಒಂದೇ ಒಂದು ಜಗಳಕ್ಕೆ ಗೈರುಹಾಜರು. ಹದಿನಾರು ಭಾನುವಾರ ಕಪಾಟು ಒರೆಸಿದ್ದೆನಲ್ಲ ಎಂದು ನೆನೆದಾಗ ಅವಳಿಗೆ ಆ ಮರದ ಪಾದಗಳನ್ನೆಲ್ಲ ಒಂದೊಂದಾಗಿ ಕಿತ್ತು ಬೀದಿಗೆಸೆಯಬೇಕೆನಿಸಿತು. ಅದರಲ್ಲಿ ಎಂಟು ಭಾನುವಾರ ಅವನು ಇನ್ನೂ ಹತ್ತಬಲ್ಲವನಾಗಿದ್ದ ಎಂದು ತಂಗಿ ಆಮೇಲೆ ಹೇಳಿದಳು. ಅದನ್ನು ಹೇಳು ಎಂದು ಕೇಳಿದವರು ಯಾರು? ಯಾರೂ ಕೇಳಿರಲಿಲ್ಲ.

"ಬಿಚ್ಚಿ ಮೃದುದು ಹಾಕ್ಲಾ?" ಎಂದಳು ತಂಗಿ. "ಅವನಷ್ಟು ಚೆನ್ನಾಗಿ ಬರಲ್ಲ. ನೋಡಿ ನೋಡಿ ಕಲ್ತಿದ್ದೀನಿ."

"ಸೋಮವಾರ ತರ್ತೀನಿ. ಈ ಭಾನುವಾರ ಇದರಲ್ಲೇ ಹೋಗ್ತೀನಿ."

"ಯಾಕೆ? ಅವನ ಮಾತು ಪರೀಕ್ಷೆ ಮಾಡೋಕಾ?"

"ಅವನ ಮಾತು ಸುಳ್ಳು ಅಂತ ತೋರ್ಸೋಕೆ."

ಭಾನುವಾರ ಹಗ್ಗ ಹಿಡಿದವನು ಡ್ರೈವರ್. ಹದಿನೇಳನೇ ಕಂಬದ ಕೆಳಗೆ ನಿಂತು ಅವಳು ಗಂಟು ಬಿಗಿದುಕೊಂಡಳು. ಬಂಡೆ ತಣ್ಣಗಿತ್ತು, ಉಯ್ಯಾಲೆಯ ಕಡೆಯಿಂದ ಮಕ್ಕಳ ಕೂಗು ಬರುತ್ತಿತ್ತು. ಮೊದಲ ಒಂಬತ್ತು ಮೀಟರನ್ನು ಕೈಯ ಬಲದಿಂದಲೇ ಹತ್ತಿದಳು. ಬಿರುಕು ಮುಚ್ಚುವ ಜಾಗ ಬಂತು. ಎಡಗಾಲಿಟ್ಟಳು, ಜಾರಿದಳು. ನೇತಾಡುತ್ತ, ಮೇಲಿದ್ದ ಆಕಾಶಕ್ಕೋ ಯಾರಿಗೋ ಒಂದು ಕೆಟ್ಟ ಬೈಗುಳ ಬೈದಳು.

"ಇಳಿಸ್ಲಾ ಅಕ್ಕಾ?"

"ಬೇಡ!"

ಎರಡನೆಯ ಸಲವೂ ಜಾರಿದಳು. ಮೂರನೆಯ ಸಲ, ಕೋಪದಲ್ಲೇ, ಎಲ್ಲಿ ಜಾರುತ್ತದೆ ನೋಡೇಬಿಡೋಣ ಎಂದು ತಲೆ ತಗ್ಗಿಸಿ ಕಾಲನ್ನು ನೋಡಿದಳು. ನೂರು ಸಲ ಹತ್ತಿದ್ದರೂ ಅಲ್ಲಿ ಅಂಚಿನ ಮೇಲೆ ಅವರೆಕಾಳಿನಷ್ಟು ಉಬ್ಬು ಇದೆ ಎನ್ನುವುದನ್ನು ಅವಳು ಕಂಡಿರಲಿಲ್ಲ. ಮೃದು ರಬ್ಬರಿಗೆ ಅದು ಬೇಕಾಗಿರಲಿಲ್ಲ. ಕಾಲಿನ ಹೆಬ್ಬೆರಳಿನ ಒಳಬದಿಯನ್ನು ಅದರ ಮೇಲಿಟ್ಟಳು. ಒರೆಸಲಿಲ್ಲ, ಇಟ್ಟಳು. ಭಾರ ಬಿಟ್ಟಳು. ಗಟ್ಟಿ ರಬ್ಬರು ಬಾಗದೆ ನಿಂತಿತು. ಕೈಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಎದ್ದು ನಿಂತಳು, ಬಂಡೆಗೆ ಕೆನ್ನೆ ತಾಗಿಸಿಕೊಂಡು. ಆಮೇಲೆ ಉಳಿದ ಮೂರು ಮೀಟರು ಹತ್ತಿದ್ದು ಕಾಲೇ.

ಕೆಳಗಿಳಿದಾಗ ಡ್ರೈವರ್ ಚಪ್ಪಾಳೆ ತಟ್ಟಿದ. "ಸುಮ್ನಿರಪ್ಪ" ಎಂದಳು. ಅವಳ ಮುಖ ನೋಡಿ ಅವನು ಹಗ್ಗ ಸುತ್ತತೊಡಗಿದ. ಇದಕ್ಕೆ ಎಂಟು ತಿಂಗಳು ಬೇಕಾಗಿರಲಿಲ್ಲ. "ಅಲ್ಲೊಂದು ಉಬ್ಬಿದೆ ನೋಡು" ಎಂದಿದ್ದರೆ ಸಾಕಿತ್ತು. ಹಾಗೆ ಹೇಳಿದ್ದರೆ ತಾನು ಕೇಳುತ್ತಿದ್ದೆನೇ ಎಂಬ ಪ್ರಶ್ನೆಯನ್ನು ಅವಳು ಆ ದಿನ ಹತ್ತಿರ ಸೇರಿಸಲಿಲ್ಲ.

ಸೋಮವಾರ ಕೆಲಸ ಮುಗಿಸಿ ಅಂಗಡಿಗೆ ಹೋದಳು. ತಂಗಿ ಬಿಸಿಗಾಳಿಯ ಯಂತ್ರ ಹಿಡಿದು ಅಟ್ಟೆಯ ಅಂಚು ಕಾಯಿಸಿದಳು; ಅಂಟು ಕರಗಿ ಬಿಟ್ಟುಕೊಳ್ಳಬೇಕು. ಇಕ್ಕಳ ಹಾಕಿ ಎಳೆದಳು. ಬರಲಿಲ್ಲ. ಮತ್ತೆ ಕಾಯಿಸಿದಳು.

"ಸತ್ಯ ಹೇಳು," ಎಂದಳು ಹಲ್ಲಮ್ಮ, "ಒಂದು ತಿಂಗಳಿಗೆ ಅಂತ ಹಾಕಿದ ಅಟ್ಟೆಗೆ ಇಷ್ಟು ಅಂಟು ಹಾಕ್ತಾರಾ ಯಾರಾದ್ರೂ?"

"ಅವನಿಗೆ ಕಡಿಮೆ ಹಾಕೋಕೆ ಬರ್ತಾ ಇರ್ಲಿಲ್ಲ. ನೀನು ಹಿಮ್ಮಡಿ ಹಿಡ್ಕೋ, ನಾನು ಎಳೀತೀನಿ."

ಹಲ್ಲಮ್ಮ ಎರಡೂ ಕೈಯಲ್ಲಿ ಹಿಮ್ಮಡಿ ಹಿಡಿದು ಬೆಂಚಿಗೆ ಕಾಲು ಕೊಟ್ಟಳು. ತಂಗಿ ಇಕ್ಕಳ ಹಿಡಿದು ಹಿಂದಕ್ಕೆ ವಾಲಿದಳು. ಅಟ್ಟೆ ಒಂದು ಅಂಗುಲ ಬಿಟ್ಟು, ಮತ್ತೆ ಪಟ್ಟು ಹಿಡಿಯಿತು.

"ದರಿದ್ರದವನು" ಎಂದಳು ತಂಗಿ, ಏದುಸಿರು ಬಿಡುತ್ತ.

"ಹಠಮಾರಿ" ಎಂದಳು ಹಲ್ಲಮ್ಮ.

"ಮೊಂಡ. ಮೊಂಡ. ಪರದೆ ಹಾಕಲೇ ಇಲ್ಲ ನೋಡು."

"ಎಳಿ, ಎಳಿ, ಬರ್ತಾ ಇದೆ."

ಇಬ್ಬರಿಗೂ ನಗು ಬಂತು. ನಗುತ್ತಲೇ ಕಣ್ಣು ತುಂಬಿದವು. ಕೈ ಖಾಲಿಯಿಲ್ಲದ್ದರಿಂದ ಯಾರೂ ಒರೆಸಿಕೊಳ್ಳಲಿಲ್ಲ. ಕೊನೆಗೆ ಅಟ್ಟೆ ದೊಡ್ಡ ಸದ್ದು ಮಾಡಿ ಕಿತ್ತು ಬಂತು. ತಂಗಿ ಅದನ್ನು ಬೆಂಚಿನ ಮೇಲಿಟ್ಟು, ಬೆವರೊರೆಸಿಕೊಂಡು ಕೈ ಚಾಚಿದಳು.

"ಇನ್ನೊಂದು ಕೊಡು."